ಹಳೇ ನಮೂನೆಗೆ ಈಗಿನ ಯಾವ ನೂಲು? ಹೆಣೆದು ನೋಡಿದ ಹೋಲಿಕೆ

1940ರ ದಶಕದ ಬ್ರಿಟಿಷ್ ಸ್ವೆಟರ್ ನಮೂನೆಗಳೆಂದರೆ ನನಗೆ ಬಲು ಇಷ್ಟ. ಸೊಂಟಕ್ಕೆ ನಿಲ್ಲುವ ಗಿಡ್ಡ ಉದ್ದ, ಹಿಗ್ಗಿ ಕುಗ್ಗುವ ಅಗಲವಾದ ಅಂಚುಪಟ್ಟಿ ಅಂದರೆ ರಿಬ್, ಎದೆಯ ಮೇಲೆ ಸಾಲುಸಾಲು ಬಣ್ಣದ ಪಟ್ಟಿ. ಆದರೆ ಆ ನಮೂನೆ ಹಿಡಿದು ಇವತ್ತು ಅಂಗಡಿಗೆ ಹೋದರೆ ಮೊದಲ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ. ಅದು ಕೇಳುವುದು 3 ಪ್ಲೈ, ಅಂದರೆ ಮೂರು ಎಳೆ ಹೊಸೆದ ತೆಳು ಉಣ್ಣೆ. ಈಗ ಅಂಥ ನೂಲು ಅಪರೂಪ. ಸಿಕ್ಕರೂ ಎಳೆಮಕ್ಕಳ ಬಟ್ಟೆಗೆಂದು ಮಾಡಿದ ತಿಳಿ ಬಣ್ಣಗಳೇ ಜಾಸ್ತಿ. ಹಾಗಾದರೆ ಬದಲಿಗೆ ಏನು ತರಬೇಕು?

ದಪ್ಪ ನೋಡಿ ಹೊಂದಿಸಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ನಾನು ದಪ್ಪವನ್ನು ಎರಡನೇ ಸಾಲಿಗೆ ತಳ್ಳುತ್ತೇನೆ. ನೂಲು ಪಕ್ಕದ ನೂಲನ್ನು ಎಷ್ಟು ಕಚ್ಚಿಕೊಳ್ಳುತ್ತದೆ, ಎಳೆದು ಬಿಟ್ಟರೆ ಹಿಂದಕ್ಕೆ ಬರುತ್ತದಾ, ಒಗೆದ ಮೇಲೆ ಏನಾಗುತ್ತದೆ, ಇವನ್ನು ಮೊದಲು ನೋಡುತ್ತೇನೆ. ಒಂದೇ ಫೇರ್ ಐಲ್ ಪಟ್ಟಿಯನ್ನು, ಅಂದರೆ ಸಾಲಿಗೆ ಎರಡು ಬಣ್ಣ ಬೆರೆಸುವ ಚಿತ್ತಾರದ ಪಟ್ಟಿಯನ್ನು, ಬೇರೆ ಬೇರೆ ನೂಲಿನಲ್ಲಿ ಹೆಣೆದು, ಒಗೆದು, ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಬಂದ ಅಭಿಪ್ರಾಯ ಇದು.

ಮೊದಲು ಆ ಕಾಲದ ನಮೂನೆಗಳು ಅಷ್ಟು ತೆಳು ಯಾಕೆ ಅಂತ ತಿಳಿದುಕೊಂಡರೆ ಒಳ್ಳೆಯದು. ಗಿಡ್ಡ ಸ್ವೆಟರ್ 1930ರ ದಶಕದಲ್ಲೇ ಫ್ಯಾಷನ್ ಆಗಿತ್ತು. 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ದೊಡ್ಡವರಿಗೆ ತಲಾ 66 ಕೂಪನ್. 2 ಔನ್ಸ್ ಉಣ್ಣೆಗೆ, ಅಂದರೆ ಸುಮಾರು 57 ಗ್ರಾಂಗೆ, ಒಂದು ಕೂಪನ್ ಕೊಡಬೇಕಿತ್ತು. 1949ರ ಮಾರ್ಚ್ ತನಕ ಈ ವ್ಯವಸ್ಥೆ ನಡೆಯಿತು. ಹಾಗಾಗಿ ಫ್ಯಾಷನ್ ಆಗಿದ್ದದ್ದು ಅಗತ್ಯವೂ ಆಯಿತು. ಹಳೇ ಸ್ವೆಟರ್ ಬಿಚ್ಚಿ ಅದೇ ಉಣ್ಣೆಯಲ್ಲಿ ಹೊಸದು ಹೆಣೆಯುತ್ತಿದ್ದರು. ಉಳಿದ ಚೂರುಪಾರು ಬಣ್ಣಗಳನ್ನು ಮುಗಿಸಲು ಫೇರ್ ಐಲ್ ಪಟ್ಟಿ ಹೇಳಿ ಮಾಡಿಸಿದ ಹಾಗಿತ್ತು. ಈ ಪಟ್ಟಿಗೆ ಹೆಸರು ಕೊಟ್ಟ ಫೇರ್ ಐಲ್ ಅಂದರೆ ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ನಡುವೆ ಇರುವ ಒಂದು ಪುಟ್ಟ ದ್ವೀಪ. ಮುಂದೆ ಎಂಟನೇ ಎಡ್ವರ್ಡ್ ಆದ ವೇಲ್ಸ್ ರಾಜಕುಮಾರ 1920ರ ದಶಕದ ಮೊದಲಲ್ಲಿ ಗಾಲ್ಫ್ ಆಡಲು ಈ ಸ್ವೆಟರ್ ಹಾಕಿಕೊಂಡು ಹೋದ. ಅಲ್ಲಿಂದ ಅದು ದ್ವೀಪ ದಾಟಿ ಎಲ್ಲರ ಮೈಮೇಲೆ ಬಂತು.

ಈಗ ಲೆಕ್ಕಕ್ಕೆ ಬರೋಣ. ಹಳೇ 3 ಪ್ಲೈ ನಮೂನೆಯಲ್ಲಿ ಇಂಚಿಗೆ 8 ಕುಣಿಕೆ ಸಾಮಾನ್ಯ. 34 ಇಂಚಿನ ಎದೆಗೆ 272 ಕುಣಿಕೆ ಬೇಕು. ಈಗಿನ 4 ಪ್ಲೈ ನೂಲಿನಲ್ಲಿ ನಿಮ್ಮ ಕೈಗೆ ಇಂಚಿಗೆ 7 ಬಂದರೆ ಅದೇ 272 ಕುಣಿಕೆ ಸುಮಾರು 39 ಇಂಚು ಆಗುತ್ತದೆ. ಇಂಚಿಗೆ ಒಂದೇ ಒಂದು ಕುಣಿಕೆಯ ವ್ಯತ್ಯಾಸ, ಸುತ್ತಳತೆಯಲ್ಲಿ 5 ಇಂಚು! ಇದನ್ನು ನಾವು ಅನುಕೂಲಕ್ಕೂ ಬಳಸಬಹುದು. ಹಳೇ ನಮೂನೆಗಳು ಬಹುಪಾಲು 32 ಅಥವಾ 34 ಇಂಚಿನ ಒಂದೇ ಅಳತೆಯಲ್ಲಿ ಇರುತ್ತವೆ. ನಿಮ್ಮ ಅಳತೆ 38 ಇದ್ದರೆ ಸ್ವಲ್ಪ ದಪ್ಪ ನೂಲು ತಂದು, ಕುಣಿಕೆ ಎಣಿಕೆ ಬದಲಿಸದೆ ಹೆಣೆಯಿರಿ. ಉದ್ದವನ್ನು ಮಾತ್ರ ಟೇಪಿನಲ್ಲಿ ಅಳೆದುಕೊಂಡು ಹೋಗಬೇಕು.

ಕಡ್ಡಿ ನಂಬರ್ ಬಗ್ಗೆಯೂ ಒಂದು ಮಾತು. ಹಳೇ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿನ 10 ಅಂದರೆ 6 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಬ್ರಿಟಿಷ್ ನಂಬರ್ ಇನ್ನೂ ಬಳಕೆಯಲ್ಲಿದೆ, ಅದು ನಮಗೊಂದು ಅನುಕೂಲ.

ಮೊದಲು ಶೆಟ್‌ಲ್ಯಾಂಡ್ ಉಣ್ಣೆ. ಅಲ್ಲಿನ ಉಣ್ಣೆ ಕಂಪನಿ ಜೇಮಿಸನ್ ಅಂಡ್ ಸ್ಮಿತ್ ಅವರ 2 ಪ್ಲೈ ಜಂಪರ್ ವೆಯ್ಟ್ ಅನ್ನುವ ನೂಲು 25 ಗ್ರಾಂ ಉಂಡೆಗೆ 115 ಮೀಟರ್ ಬರುತ್ತದೆ. ಹೆಸರಿನಲ್ಲಿ 2 ಪ್ಲೈ ಇದ್ದರೂ ದಪ್ಪದಲ್ಲಿ ಅದು ಈಗಿನ 4 ಪ್ಲೈಗೆ ಹತ್ತಿರ. ಕೈಗೆ ತಗೊಂಡಾಗ ಖುಷಿ ಅನ್ನಿಸುವುದಿಲ್ಲ. ಒರಟು, ಒಣಒಣ. ಹೆಣೆಯುವಾಗಲೂ ಕುಣಿಕೆಗಳು ಕೊಂಚ ಏರುಪೇರಾಗಿ ಕಾಣುತ್ತವೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಟವೆಲಿನಲ್ಲಿ ಸುತ್ತಿ ಹಿಂಡಿ, ಪಿನ್ ಹಾಕಿ ಒಣಗಿಸಿದ ಮೇಲೆ ಅದರ ನಿಜವಾದ ರೂಪ ಹೊರಗೆ ಬರುತ್ತದೆ. ಎಳೆಗಳು ಉಬ್ಬಿ ನಡುವಿನ ಕಿಂಡಿ ಮುಚ್ಚುತ್ತವೆ. ಏರುಪೇರು ಮಾಯವಾಗುತ್ತದೆ. ಪಕ್ಕಪಕ್ಕದ ಬಣ್ಣಗಳು ಒಂದರೊಳಗೊಂದು ಸ್ವಲ್ಪ ಕಲೆತು, ಹಳೇ ಫೋಟೋಗಳಲ್ಲಿ ಕಾಣುವ ಆ ಮೆತ್ತಗಿನ ಅಂಚು ಬರುತ್ತದೆ.

ಇದರ ಹಿಂದೆ ಕಾರಣ ಇದೆ. ಉಣ್ಣೆಯ ಎಳೆ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಅವು ಪಕ್ಕದ ಎಳೆಯ ಪೊರೆಗಳನ್ನು ಹಿಡಿಯುತ್ತವೆ. ಫೇರ್ ಐಲ್‌ನಲ್ಲಿ ಒಂದು ಸಾಲಿಗೆ ಎರಡು ಬಣ್ಣ. ಒಂದು ಹೆಣೆಯುವಾಗ ಇನ್ನೊಂದು ಹಿಂದೆ ತೇಲುತ್ತಾ ಬರುತ್ತದೆ. ಶೆಟ್‌ಲ್ಯಾಂಡ್‌ನಲ್ಲಿ ಆ ತೇಲುವ ಎಳೆ ಒಗೆದ ಮೇಲೆ ಬಟ್ಟೆಗೆ ಅಂಟಿ ಕೂರುತ್ತದೆ. ಬೆರಳಿಗೆ ಸಿಕ್ಕಿಕೊಳ್ಳುವುದಿಲ್ಲ. ಇನ್ನೊಂದು ದೊಡ್ಡ ಲಾಭ ಸ್ಟೀಕ್. ಸ್ವೆಟರನ್ನು ಕೊಳವೆಯ ಹಾಗೆ ಸುತ್ತ ಹೆಣೆದು, ಆಮೇಲೆ ತೋಳಿನ ಜಾಗವನ್ನು ಕತ್ತರಿಯಿಂದ ಕತ್ತರಿಸುವ ಪದ್ಧತಿ ಅದು. ಮೊದಲ ಸಲ ಕತ್ತರಿ ಇಡುವಾಗ ಎದೆ ಢವಢವ ಅನ್ನುತ್ತದೆ. ಆದರೆ ಈ ಉಣ್ಣೆ ಬಿಚ್ಚಿಕೊಳ್ಳುವುದಿಲ್ಲ, ಕತ್ತರಿಸಿದ ಅಂಚು ಹಾಗೇ ನಿಲ್ಲುತ್ತದೆ.

ಕಷ್ಟಗಳೂ ಇವೆ. ಹೊರದೇಶದಿಂದ ತರಿಸಬೇಕು, ಸುಂಕ ಸೇರಿ ದುಬಾರಿ ಬೀಳುತ್ತದೆ. ಬರಿ ಮೈಗೆ ಚುಚ್ಚುತ್ತದೆ. ಆಗಿನವರು ಇದನ್ನು ಬ್ಲೌಸ್ ಅಥವಾ ಶರ್ಟಿನ ಮೇಲೆ ಹಾಕುತ್ತಿದ್ದರು, ನಾವೂ ಹಾಗೇ ಮಾಡಬೇಕು. ನುಸಿ ಹಿಡಿಯುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಗಮನ ಬೇಕು.

ಇದಕ್ಕೆ ನೇರ ಎದುರಾಳಿ ಸೂಪರ್‌ವಾಶ್ ಮೆರಿನೋ, ಅಂದರೆ ಮಷೀನಿನಲ್ಲಿ ಒಗೆಯಲು ಹದಮಾಡಿದ ಮೆರಿನೋ ಕುರಿಯ ಉಣ್ಣೆ. ಲೇಬಲ್ ನೋಡಿದರೆ ಇದೇ ಸರಿಯಾದ ಜೋಡಿ ಅನ್ನಿಸುತ್ತದೆ: ಅದೇ 4 ಪ್ಲೈ ದಪ್ಪ, ನೂರಕ್ಕೆ ನೂರು ಉಣ್ಣೆ, ಮಗುವಿನ ಕೆನ್ನೆಗೂ ಚುಚ್ಚದಷ್ಟು ನುಣುಪು. ಹೆಣೆಯಲು ಇದರಷ್ಟು ಸುಖ ಯಾವುದೂ ಕೊಡುವುದಿಲ್ಲ. ಆದರೆ ಹಳೇ ನಮೂನೆಗೆ ನನ್ನ ಪ್ರಕಾರ ಇದು ತೀರಾ ಹತ್ತಿರ ಬಂದು ತಪ್ಪಿಹೋಗುವ ನೂಲು. ಮಷೀನಿನಲ್ಲಿ ಒಗೆದರೂ ಕುಗ್ಗಬಾರದು ಅಂತ ಕ್ಲೋರಿನ್‌ನಿಂದ ಆ ಪೊರೆಗಳನ್ನು ಸವೆಸಿ, ಮೇಲೆ ತೆಳುವಾಗಿ ರಾಳದ ಲೇಪ ಕೊಟ್ಟಿರುತ್ತಾರೆ. ಕುಗ್ಗುವುದು ನಿಂತಿತು, ಹಿಡಿತವೂ ಹೋಯಿತು. ಕುಣಿಕೆಗಳು ಒಂದರ ಮೇಲೊಂದು ಜಾರುತ್ತವೆ. ಒದ್ದೆಯಾದಾಗ ಬಟ್ಟೆ ಉದ್ದಕ್ಕೆ ಬೆಳೆಯುತ್ತದೆ.

1940ರ ದಶಕದ ಸ್ವೆಟರಿಗೆ ಈ ಬೆಳೆಯುವ ಗುಣವೇ ದೊಡ್ಡ ಶತ್ರು. ಅದರ ಅಂದವೆಲ್ಲ ಇರುವುದು ಸೊಂಟದ ರಿಬ್‌ನಲ್ಲಿ. ಮೂರೂವರೆ, ನಾಲ್ಕು ಇಂಚು ಅಗಲ, ಅದಕ್ಕೆಂದೇ ಎರಡು ನಂಬರ್ ತೆಳು ಕಡ್ಡಿ. ಸೊಂಟದ ಮೇಲೆ ನಿಲ್ಲುವ ಸ್ಕರ್ಟು, ಪ್ಯಾಂಟಿನ ಜೊತೆ ಅದು ಬಿಗಿಯಾಗಿ ಕೂರಬೇಕು. ಶೆಟ್‌ಲ್ಯಾಂಡ್ ರಿಬ್ ಎಳೆದು ಬಿಟ್ಟರೆ ಪಟ್ಟಂತ ಹಿಂದಕ್ಕೆ ಬರುತ್ತದೆ. ಸೂಪರ್‌ವಾಶ್ ರಿಬ್ ಕೆಲವು ಸಲ ಹಾಕಿದ ಮೇಲೆ ಸಡಿಲವಾಗಿ, ಸ್ವೆಟರು ಈ ಕಾಲದ ಟೀ ಶರ್ಟಿನ ರೂಪಕ್ಕೆ ಇಳಿಯುತ್ತದೆ. ಬಣ್ಣದ ಅಂಚುಗಳೂ ಬ್ಲೇಡಿನಿಂದ ಕತ್ತರಿಸಿದ ಹಾಗೆ ಸ್ಪಷ್ಟ. ಅದು ಕೆಲವರಿಗೆ ಇಷ್ಟವಾಗಬಹುದು. ಹಳೆಯ ಕಳೆ ಬೇಕು ಅನ್ನುವವರಿಗೆ ಅದು ಹೊಸದಾಗಿಯೇ ಕಾಣುತ್ತದೆ.

ಚರ್ಮ ತುಂಬಾ ಸೂಕ್ಷ್ಮ, ಮೆರಿನೋನೇ ಬೇಕು ಅಂದರೆ ದಾರಿ ಇದೆ. 10 ನಂಬರ್ ಕಡ್ಡಿಯ ಬದಲು 11 ಅಥವಾ 12 ಹಿಡಿಯಿರಿ. ತುಣುಕು ಹೆಣೆದು, ಒಗೆದು, ಕೆಳಗಡೆ ಕ್ಲಿಪ್ಪು ತೂಗುಹಾಕಿ ಒಂದು ರಾತ್ರಿ ಬಿಟ್ಟು, ಆಮೇಲೆ ಅಳೆಯಿರಿ. ರಿಬ್ ಒಳಗೆ ತೆಳುವಾದ ಎಲಾಸ್ಟಿಕ್ ದಾರ ಸೇರಿಸಿ. ಸ್ಟೀಕ್ ಕತ್ತರಿಸುವ ಮುಂಚೆ ಎರಡೂ ಬದಿ ಹೊಲಿಗೆ ಮಷೀನ್ ಓಡಿಸಲೇಬೇಕು. ಸೂಪರ್‌ವಾಶ್ ಮಾಡದ ಮೆರಿನೋ ಸಿಕ್ಕರಂತೂ ಬಿಡಬೇಡಿ. ನುಣುಪೂ ಇರುತ್ತದೆ, ಹಿಡಿತವೂ ಇರುತ್ತದೆ.

ಅಕ್ರಿಲಿಕ್ ಅನ್ನುವ ಕೃತಕ ನೂಲಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಉಲ್ಲನ್ ಅಂತ ಕೇಳಿದರೆ ಕೈಗೆ ಬರುವುದು ಬಹುತೇಕ ಇದೇ. ಅಗ್ಗ, ನುಸಿ ತಿನ್ನುವುದಿಲ್ಲ, ಬಕೆಟ್ಟಿನಲ್ಲಿ ಒಗೆಯಬಹುದು. ಆದರೆ ಅಮೆರಿಕದ ಡ್ಯುಪಾಂಟ್ ಕಂಪನಿಯ ಓರ್ಲಾನ್ ಅನ್ನುವ ಅಕ್ರಿಲಿಕ್ ಮಾರುಕಟ್ಟೆಗೆ ಬಂದದ್ದು 1950ರಲ್ಲಿ. ಅದಕ್ಕೂ ಹಿಂದಿನ ನಮೂನೆ ಬರೆದವರ ಕಣ್ಣಮುಂದೆ ಈ ನೂಲು ಇರಲೇ ಇಲ್ಲ. ಒದ್ದೆ ಮಾಡಿ ಪಿನ್ ಹಾಕಿದರೆ ಉಣ್ಣೆ ಮಾತು ಕೇಳುತ್ತದೆ, ಅಕ್ರಿಲಿಕ್ ಒಣಗಿದ ಕೂಡಲೇ ತನ್ನ ಹಳೇ ಆಕಾರಕ್ಕೆ ಹೋಗುತ್ತದೆ. ಇಸ್ತ್ರಿಯ ಹಬೆ ಹಿಡಿದರೆ ಚಪ್ಪಟೆಯಾಗಿ ಜೋತುಬೀಳುತ್ತದೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಆ ಕಾಲದ ತುಕ್ಕು ಕೆಂಪು, ಸಾಸಿವೆ, ಪಾಚಿ ಹಸಿರು, ಮಾಸಿದ ನೀಲಿ ಹುಡುಕುವುದೂ ಕಷ್ಟ. ಮಕ್ಕಳ ಟೋಪಿಗೆ, ದಿನಾ ಒಗೆಯುವ ಬಟ್ಟೆಗೆ ನಾನು ಇದನ್ನು ಸಂತೋಷವಾಗಿ ಬಳಸುತ್ತೇನೆ. ಫೇರ್ ಐಲ್‌ಗೆ ಬಳಸುವುದಿಲ್ಲ.

ಹತ್ತಿ ನೂಲಿನ ಮಾತು ಬೇರೆ. ಎರಡು ಬಣ್ಣದ ಪಟ್ಟಿಗೆ ಇದು ಒಗ್ಗುವುದೇ ಇಲ್ಲ. ಹಿಗ್ಗದ ನೂಲು, ಆದ್ದರಿಂದ ಹಿಂದಿನ ಎಳೆ ಸ್ವಲ್ಪ ಬಿಗಿಯಾದರೂ ಬಟ್ಟೆ ಸುಕ್ಕುಗಟ್ಟುತ್ತದೆ. ತೂಕವೂ ಜಾಸ್ತಿ. ಆದರೆ ಬೆಂಗಳೂರಿನ ಹವೆಯಲ್ಲಿ ಉಣ್ಣೆ ಹಾಕುವ ದಿನಗಳು ಎಷ್ಟು? ಇಲ್ಲಿ ನಾನು ನಮೂನೆಯನ್ನೇ ಬದಲಿಸುತ್ತೇನೆ. ಅದೇ ಕಾಲದಲ್ಲಿ ಗಿಡ್ಡ ತೋಳಿನ, ಕಿಂಡಿಕಿಂಡಿ ಲೇಸ್ ಹೆಣಿಗೆಯ ಬೇಸಿಗೆ ಬ್ಲೌಸುಗಳೂ ಬಂದಿದ್ದವು. ಅವನ್ನು ತೆಳು ಹತ್ತಿಯಲ್ಲಿ ಹೆಣೆದರೆ ಚೆನ್ನಾಗಿ ಬೀಳುತ್ತವೆ, ಬೆವರಿದರೂ ತೊಂದರೆ ಇಲ್ಲ.

ನಮ್ಮ ಡೆಕ್ಕನಿ ಕುರಿಯ ಉಣ್ಣೆ ಯಾಕಾಗಬಾರದು ಅಂತ ಕೇಳುವವರಿದ್ದಾರೆ. ನನಗೂ ಆ ಆಸೆ ಇತ್ತು. ಚಳ್ಳಕೆರೆ ಕಡೆಯ ಕಂಬಳಿ ಮುಟ್ಟಿದವರಿಗೆ ಉತ್ತರ ಗೊತ್ತು. ಎಳೆ ದಪ್ಪ, ಕೂದಲಿನ ಅಂಶ ಜಾಸ್ತಿ. ಹಿಡಿತದಲ್ಲಿ ಯಾವುದಕ್ಕೂ ಸೋಲುವುದಿಲ್ಲ. ಆದರೆ ಇಂಚಿಗೆ 8 ಕುಣಿಕೆಯ ಕೆಲಸಕ್ಕೆ ಬಾರದು. ದಪ್ಪ ಕಡ್ಡಿಯಲ್ಲಿ ಹೆಣೆದ ಚೀಲಕ್ಕೆ, ಕುರ್ಚಿಯ ಮೇಲೆ ಹಾಕುವ ಹಾಸುಗಳಿಗೆ ತುಂಬಾ ಒಪ್ಪುತ್ತದೆ.

ಕ್ರೋಶಾ ಕಡೆಗೆ ಬಂದರೆ ಪರಿಸ್ಥಿತಿಯೇ ಬೇರೆ. ಹಳೇ 3 ಪ್ಲೈ ಹೆಚ್ಚುಕಡಿಮೆ ಕಾಣೆಯಾಯಿತು, ಆದರೆ ಕ್ರೋಶಾದ ಮರ್ಸರೈಸ್ಡ್, ಅಂದರೆ ಹೊಳಪು ಕೊಟ್ಟ, ಹತ್ತಿ ದಾರ ಎಲ್ಲಿಗೂ ಹೋಗಲಿಲ್ಲ. 20, 40 ನಂಬರಿನ ಆಂಕರ್ ದಾರದ ಉಂಡೆ ಇವತ್ತೂ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದ ಆಂಧ್ರದ ನರಸಾಪುರದಲ್ಲಿ ಹೆಂಗಸರು ಮನೆಮನೆಯಲ್ಲಿ ಕ್ರೋಶಾ ಲೇಸ್ ಹೆಣೆಯುತ್ತಾರೆ, ಅದಕ್ಕೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಇಂಥ ಕೆಲಸ ನಡೆಯುತ್ತಿರುವ ತನಕ ದಾರಕ್ಕೂ ಬೇಡಿಕೆ ಇರುತ್ತದೆ, ಅಲ್ವಾ?

ನಾನು ಆರಿಸಿಕೊಂಡದ್ದು ಅಮೆರಿಕದಲ್ಲಿ 1940ರ ದಶಕದಲ್ಲಿ ಬಲು ಜನಪ್ರಿಯವಾಗಿದ್ದ ಅನಾನಸ್ ನಮೂನೆಯ ದುಂಡು ಡಾಯ್ಲಿ, ಅಂದರೆ ಮೇಜಿನ ಮೇಲೆ ಹಾಸುವ ಪುಟ್ಟ ಲೇಸ್ ಹಾಸು. 40ನೇ ನಂಬರ್ ದಾರ, 20ನೇ ನಂಬರ್ ದಾರ, ಈಗ ಗೊಂಬೆ ಹೆಣೆಯಲು ಬಳಸುವ 4 ಪ್ಲೈ ಮೆತ್ತನೆಯ ಹತ್ತಿ, ಮೂರರಲ್ಲೂ ಹೆಣೆದೆ. ಇಲ್ಲೂ ನಂಬರ್ ಏರಿದಷ್ಟೂ ದಾರ ತೆಳು.

40ರಲ್ಲಿ ಬಂದ ಡಾಯ್ಲಿಯೇ ಹಳೇ ಚಿತ್ರಕ್ಕೆ ಅತಿ ಹತ್ತಿರ. ಅನಾನಸಿನ ಒಂದೊಂದು ಬಲೆಕಣ್ಣೂ ಎಣಿಸುವ ಹಾಗೆ ಕಾಣುತ್ತದೆ. ಇದಕ್ಕೆ ಕಾರಣ ದಾರದ ಹೊಳಪು. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಎಳೆ ಉಬ್ಬಿ ದುಂಡಗಾಗುತ್ತದೆ ಅಂತ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡ. ಹಾಗೆ ಅದ್ದುವಾಗ ಬಿಗಿಯಾಗಿ ಎಳೆದು ಹಿಡಿದರೆ ಹೊಳಪು ಬರುತ್ತದೆ ಅಂತ 1890ರಲ್ಲಿ ಹೊರೇಸ್ ಲೋ ತೋರಿಸಿದ. ತೊಡಕು ಒಂದೇ, ಕಣ್ಣಿಗೆ ಶ್ರಮ. ಹಗಲು ಬೆಳಕಲ್ಲದೆ ಕೂರಬೇಡಿ. 20ರಲ್ಲಿ ಡಾಯ್ಲಿ ಸುಮಾರು ಕಾಲು ಪಾಲು ದೊಡ್ಡದಾಯಿತು, ಗೆರೆಗಳ ಸ್ಪಷ್ಟತೆ ಹಾಗೇ ಉಳಿಯಿತು. ಹೊಸಬರಿಗೆ ನಾನು ಕೊಡುವುದು ಇದನ್ನೇ. 4 ಪ್ಲೈ ಹತ್ತಿಯಲ್ಲಿ ಡಾಯ್ಲಿ ಹೋಗಿ ಟೀಪಾಯಿ ತುಂಬುವ ಹೊದಿಕೆಯಾಯಿತು. ಎಳೆ ಸ್ವಲ್ಪ ಜುಂಗುಜುಂಗು, ಬಲೆಕಣ್ಣು ಮಸುಕು. ಹಳೆಯದರ ನಕಲು ಬೇಕೆಂದರೆ ಇದು ಬೇಡ. ಮನೆಯಲ್ಲಿ ದಿನಾ ಬಳಸುವ ವಸ್ತು ಬೇಕೆಂದರೆ ಇದೇ ನನಗೆ ಮೆಚ್ಚು.

ನಮೂನೆ ಓದುವಾಗ ದೇಶ ಯಾವುದು ಅಂತ ಮೊದಲು ನೋಡಿ. ಅಮೆರಿಕದ ಸಿಂಗಲ್ ಕ್ರೋಶೆ ಬ್ರಿಟನ್ನಿಗೆ ಡಬಲ್, ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಇದು ಅದಲುಬದಲಾದರೆ ಸಾಲಿನ ಎತ್ತರ ಕೆಟ್ಟು, ಡಾಯ್ಲಿ ಬಟ್ಟಲಿನ ಆಕಾರಕ್ಕೋ ನೆರಿಗೆಗೋ ತಿರುಗುತ್ತದೆ.

ಮೂರಕ್ಕೂ ಕೊನೆಗೆ ಗಂಜಿ ಬೇಕು. ಅಂಚಿನಲ್ಲಿ ನೆರಿಗೆ ಎದ್ದು ನಿಲ್ಲುವ ಡಾಯ್ಲಿಗಳನ್ನು ಅಮೆರಿಕದಲ್ಲಿ ಸಕ್ಕರೆ ಪಾಕದಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದರು. ನಮ್ಮ ಮನೆಗಳಲ್ಲಿ ಇರುವೆ ಬಿಡುವುದಿಲ್ಲ, ಆದ್ದರಿಂದ ಹತ್ತಿ ಸೀರೆಗೆ ಹಾಕುವ ಅಕ್ಕಿ ಗಂಜಿಯೇ ಸಾಕು. ಚೆನ್ನಾಗಿ ಸೋಸಿ, ನೀರಾಗಿಸಿ ಹಾಕಿ. ಗಟ್ಟಿ ಗಂಜಿ ಒಣಗಿದ ಮೇಲೆ 40ರ ದಾರದ ಕಣ್ಣುಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ದಪ್ಪ ಥರ್ಮೋಕೋಲ್ ಮೇಲೆ ನಡುವಿನಿಂದ ಶುರುಮಾಡಿ ಹೊರಗೆ ಪಿನ್ ಹಾಕುತ್ತಾ ಹೋಗಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಲಿ. ತುಕ್ಕಿನ ಕಲೆ ಬಿಳಿ ದಾರಕ್ಕೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.