ಕೋಹಾ, ಶೀಟ್ಸ್, ಪ್ಯಾಡ್‌ಲೆಟ್, ಬ್ಲಾಗರ್: ಶಾಲೆ ಲೈಬ್ರರಿಯಲ್ಲಿ ನಾನು ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವಳಲ್ಲ. ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಮನೆ ಡೊಂಬಿವಲಿ. ಲೈಬ್ರರಿ ಅಂದರೆ ಐದು ಕಪಾಟು, ಎರಡು ಉದ್ದನೆಯ ಮೇಜು, 2,340 ಪುಸ್ತಕ, ಒಂದು ಹಳೇ ಕಂಪ್ಯೂಟರ್. ಮಕ್ಕಳಲ್ಲಿ ಜಾಸ್ತಿ ಜನ ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದವರ ಮನೆಯವರು. ಉಳಿದವರ ಅಪ್ಪಂದಿರು ಹೋಟೆಲ್‌ಗಳಲ್ಲಿ ಕೆಲಸ ಮಾಡುತ್ತಾರೆ. ಮನೆಗೆ ಒಂದೇ ಮೊಬೈಲ್. ಅದು ಬೆಳಿಗ್ಗೆ ಅಪ್ಪನ ಜೇಬಲ್ಲಿ ಹೋಗಿ ರಾತ್ರಿ ವಾಪಸ್ ಬರುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ನಾನು ಯಾವುದನ್ನು ಹೊಗಳಿದರೂ ತೆಗಳಿದರೂ ಕಾರಣ ಇದೇ.

ಎರಡು ವರ್ಷದ ಹಿಂದೆ ಹೆಡ್ ಮೇಡಂ ಕರೆದು "ನಮ್ಮ ಲೈಬ್ರರಿನೂ ಆನ್‌ಲೈನ್ ಮಾಡಿ ಅಲ್ವಾ" ಅಂದರು. ಚಹಾ ತರಿಸಿ ಅಂದಷ್ಟೇ ಸಲೀಸಾಗಿ. ನನಗೆ ಎದೆ ಧಸಕ್ ಅಂತು. ಯಾಕೆಂದರೆ ಅದಕ್ಕೂ ಮುಂಚೆ ಒಮ್ಮೆ ಕೈ ಸುಟ್ಟುಕೊಂಡಿದ್ದೆವು. ಯಾರೋ ಒಬ್ಬರು ಬಂದು ಲೈಬ್ರರಿ ಸಾಫ್ಟ್‌ವೇರ್ ಅಂತ ಒಂದು ಸಿಡಿ ಕೊಟ್ಟು ದುಡ್ಡು ತಗೊಂಡು ಹೋಗಿದ್ದರು. ಒಂದು ವರ್ಷ ನಡೆಯಿತು. ಆಮೇಲೆ ಕಂಪ್ಯೂಟರ್ ಕೆಟ್ಟಿತು, ಅವರ ಫೋನ್ ನಂಬರೂ ಸತ್ತಿತು, ಒಳಗೆ ಟೈಪ್ ಮಾಡಿದ್ದ ಎಂಟುನೂರು ಪುಸ್ತಕದ ವಿವರ ಒಳಗೇ ಉಳಿಯಿತು. ಹಾಗಾಗಿ ಈ ಸಲ ನಾನು ಹಾಕಿಕೊಂಡ ಷರತ್ತು ಒಂದೇ: ಕೆಟ್ಟರೆ ನಾನೇ ಸರಿ ಮಾಡುವಂತಿರಬೇಕು.

ಮೊದಲು ಕೋಹಾ, ಲೈಬ್ರರಿ ನಡೆಸುವ ಒಂದು ಸಾಫ್ಟ್‌ವೇರ್. ಪುಣೆಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ ದೀಪಾವಳಿ ರಜೆಗೆ ಬಂದವನು "ದೊಡ್ಡಮ್ಮ, ಪೂರ್ತಿ ಫ್ರೀ, ದೊಡ್ಡ ದೊಡ್ಡ ಲೈಬ್ರರಿಗಳೆಲ್ಲ ಇದನ್ನೇ ಹಾಕಿಕೊಂಡಿವೆ" ಅಂದ. ಸುಳ್ಳಲ್ಲ. ನ್ಯೂಜಿಲೆಂಡಿನ ಒಂದು ಲೈಬ್ರರಿಯವರು, 2000ನೇ ಇಸವಿ ಬಂದರೆ ತಮ್ಮ ಹಳೇ ಸಾಫ್ಟ್‌ವೇರ್ ಕೈಕೊಡುತ್ತದೆ ಅಂತ ಹೆದರಿ ಮಾಡಿಸಿಕೊಂಡಿದ್ದು ಇದು. 2000ದ ಜನವರಿಯಲ್ಲಿ ಶುರುವಾಯಿತು. ಮಾಡಿದ್ದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆಯಂತೆ. ಕೇಳಿದ ಕೂಡಲೇ ನನಗೆ ಇಷ್ಟವಾಯಿತು.

ಹುಡುಗ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಹಾಕಿ, ಎರಡು ದಿನ ಕಪ್ಪು ಪರದೆಯಲ್ಲಿ ಏನೇನೋ ಕುಟ್ಟಿ, ಕೊನೆಗೂ ಕೋಹಾ ತೆರೆದು ತೋರಿಸಿದ. ಚೆನ್ನಾಗಿದೆ, ನಿಜವಾಗಿ ಚೆನ್ನಾಗಿದೆ. ಯಾವ ಪುಸ್ತಕ ಯಾರ ಹತ್ತಿರ ಇದೆ, ಎಷ್ಟು ದಿನ ತಡವಾಯಿತು, ದಂಡ ಎಷ್ಟು, ಎಲ್ಲ ತಾನೇ ಲೆಕ್ಕ ಇಡುತ್ತದೆ. ಆದರೆ ಪುಸ್ತಕ ಸೇರಿಸಲು ಕೂತಾಗ ಗೊತ್ತಾಯಿತು. ಮಾರ್ಕ್ ಅನ್ನುವ ಪದ್ಧತಿಯಲ್ಲಿ ಪ್ರತಿ ವಿವರಕ್ಕೂ ಒಂದು ನಂಬರ್. ಪುಸ್ತಕದ ಹೆಸರು 245, ಬರೆದವರು 100, ವಿಷಯದ ಪ್ರಕಾರ ಪುಸ್ತಕ ವಿಂಗಡಿಸುವ ಡ್ಯೂಯಿ ನಂಬರಿಗೆ 082. ನಮ್ಮ ಕನ್ನಡ ಸಾಹಿತ್ಯದ್ದು ಡ್ಯೂಯಿಯಲ್ಲಿ 894.814, ಅದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಇಷ್ಟು ವರ್ಷದ ಮೇಲೆ ಬೆರಳು ತಾನಾಗೇ ಹೊಡೆಯಿತು, ಖುಷಿಯಾಯಿತು. ಇಂಗ್ಲಿಷ್ ಪುಸ್ತಕವಾದರೆ ಅದರ ಹಿಂದೆ ಅಚ್ಚಾಗಿರುವ ನಂಬರ್, ಅಂದರೆ ಐಎಸ್‌ಬಿಎನ್ ಹಾಕಿದರೆ ಸಾಕು, ಬೇರೆ ಲೈಬ್ರರಿಗಳಿಂದ ಪೂರ್ತಿ ವಿವರ ಎಳೆದು ತಂದುಬಿಡುತ್ತದೆ. ನಮ್ಮಲ್ಲಿ ಇಂಗ್ಲಿಷ್ ಪುಸ್ತಕ ಇರುವುದೇ ಇನ್ನೂರು. ಕನ್ನಡದ್ದು ಹುಡುಕಿದರೆ ಒಂದೋ ಸಿಗುವುದಿಲ್ಲ, ಇಲ್ಲ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಇಂಗ್ಲಿಷ್ ಅಕ್ಷರದಲ್ಲಿ ಮೇಲೆ ಗೀಟು, ಕೆಳಗೆ ಚುಕ್ಕಿ ಹಾಕಿದ ಕನ್ನಡ ಬರುತ್ತದೆ. ಐದನೇ ಕ್ಲಾಸಿನ ಹುಡುಗ ಅದನ್ನು ಓದುತ್ತಾನಾ?

ಒಂದು ಪುಸ್ತಕಕ್ಕೆ ನನಗೆ ಏಳು ನಿಮಿಷ ಹಿಡಿಯಿತು. 2,340 ಪುಸ್ತಕಕ್ಕೆ 273 ಗಂಟೆ. ನನಗೆ ದಿನಕ್ಕೆ ಸಿಗುವುದು 40 ನಿಮಿಷದ ಒಂದು ಖಾಲಿ ಪೀರಿಯಡ್. ಲೆಕ್ಕ ಹಾಕಿದರೆ ನಾಲ್ಕುನೂರಕ್ಕೂ ಹೆಚ್ಚು ಕೆಲಸದ ದಿನ. ಇನ್ನೊಂದು ತೊಂದರೆ, ಕೋಹಾ ಇದ್ದದ್ದು ನಮ್ಮ ಕೋಣೆಯ ಕಂಪ್ಯೂಟರಿನಲ್ಲಿ. ಸಂಜೆ ಸ್ವಿಚ್ ಆರಿಸಿದರೆ ಅದೂ ಮಲಗಿತು. ಮನೆಯಿಂದ ನೋಡಬೇಕಾದರೆ ಬಾಡಿಗೆ ಸರ್ವರ್ ಬೇಕು, ತಿಂಗಳಿಗೊಮ್ಮೆ ದುಡ್ಡು ಕಟ್ಟಬೇಕು. ಹುಡುಗ ಪುಣೆಗೆ ಹೋದ ಹತ್ತನೇ ದಿನ ಏನೋ ಎರರ್ ಬಂತು. ಫೋನ್ ಮಾಡಿದೆ. "ದೊಡ್ಡಮ್ಮ, ಎಕ್ಸಾಮ್ ಇದೆ" ಅಂದ. ಅಲ್ಲಿಗೆ ನನ್ನ ಷರತ್ತು ಮುರಿದಂತಾಯಿತು.

ಆಮೇಲೆ ಗೂಗಲ್ ಶೀಟ್ಸ್, ಅಂದರೆ ಇಂಟರ್ನೆಟ್ಟಿನಲ್ಲಿ ಉಳಿಯುವ, ಸಾಲು ಅಂಕಣಗಳ ಪಟ್ಟಿ. ಇದನ್ನು ಕಲಿತದ್ದು ಹೆಚ್ಚುಕಮ್ಮಿ ಲೋಕಲ್ ಟ್ರೇನಿನಲ್ಲಿ, ಲೇಡೀಸ್ ಡಬ್ಬಾದಲ್ಲಿ ನಿಂತುಕೊಂಡೇ, ಮುಂಬ್ರಾ ಹತ್ತಿರ ನೆಟ್‌ವರ್ಕ್ ಹೋದರೆ ವಿಡಿಯೋ ನಿಲ್ಲುತ್ತಿತ್ತು, ಥಾಣೆಯಲ್ಲಿ ಮತ್ತೆ ಶುರು. ನಂಬರ್, ಹೆಸರು, ಬರೆದವರು, ಕಪಾಟು, ಅಂಕಣ ನಾಲ್ಕೇ. ಮೊಬೈಲಿಗೆ ಕನ್ನಡದಲ್ಲಿ ಬಾಯಲ್ಲಿ ಹೇಳಿದರೆ ಟೈಪ್ ಮಾಡಿಕೊಳ್ಳುತ್ತದೆ, ತಪ್ಪಿದ್ದನ್ನು ತಿದ್ದಿದರಾಯಿತು. ಒಂದು ಪುಸ್ತಕಕ್ಕೆ ಒಂದು ನಿಮಿಷ. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಪುಸ್ತಕ ತೆಗೆದು ಓದಿ ಹೇಳಿದರು, ನಾನು ಮೊಬೈಲಿಗೆ ಹೇಳಿದೆ. ಮೂರು ತಿಂಗಳಲ್ಲಿ ಪಟ್ಟಿ ಮುಗಿಯಿತು.

ಇಲ್ಲೂ ಎಡವಿದೆ, ಹೇಳದೇ ಇದ್ದರೆ ಮೋಸ. ಒಂದು ದಿನ ಹೆಸರುಗಳನ್ನು ಅ, ಆ, ಇ ಪ್ರಕಾರ ಜೋಡಿಸೋಣ ಅಂತ ಹೆಸರಿನ ಅಂಕಣವನ್ನಷ್ಟೇ ಆರಿಸಿಕೊಂಡು ಸಾರ್ಟ್ ರೇಂಜ್ ಒತ್ತಿದೆ. ಹೆಸರುಗಳು ಸರಸರ ಜೋಡಿಸಿಕೊಂಡವು. ಬರೆದವರು ಮಾತ್ರ ಇದ್ದಲ್ಲೇ ಇದ್ದರು! ಅಡುಗೆ ಪುಸ್ತಕ ಒಬ್ಬ ಕವಿಯ ಹೆಸರಿಗೆ, ಗಣಿತದ ಪುಸ್ತಕ ಒಬ್ಬ ನಾಟಕಕಾರರ ಹೆಸರಿಗೆ. ಅದನ್ನು ನೋಡದೆ ಮತ್ತೆ ಅರ್ಧ ಗಂಟೆ ಅದರ ಮೇಲೇ ಕೆಲಸ ಮಾಡಿದ್ದೆ. ಕೈಕಾಲು ತಣ್ಣಗಾಯಿತು. ಆಗ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಹೇಗಿತ್ತೋ ಆ ಪ್ರತಿ ಹಾಗೇ ಇತ್ತು, ಒತ್ತಿದೆ, ವಾಪಸ್ ಬಂತು. ಯಾರಿಗೂ ಫೋನ್ ಮಾಡಲಿಲ್ಲ. ಅವತ್ತೇ ನನ್ನ ಮಟ್ಟಿಗೆ ಶೀಟ್ಸ್ ಗೆದ್ದಿತು. (ಪೂರ್ತಿ ಸಾಲುಗಳು ಒಟ್ಟಿಗೆ ಸರಿಯಬೇಕಾದರೆ ಸಾರ್ಟ್ ಶೀಟ್ ಒತ್ತಬೇಕು. ಬರೆದಿಟ್ಟುಕೊಳ್ಳಿ.)

ಇನ್ನೊಂದು ತಪ್ಪು, ಲಿಂಕ್ ಇದ್ದವರೆಲ್ಲ ತಿದ್ದಬಹುದು ಅಂತ ಬಿಟ್ಟಿದ್ದೆ. ಮರುದಿನ ಕಪಾಟಿನ ಅಂಕಣದಲ್ಲಿ ಯಾರೋ "ಹಾಯ್ ಮಿಸ್" ಅಂತ ಬರೆದಿದ್ದರು. ಈಗ ಪುಸ್ತಕದ ಪಟ್ಟಿ ಎಲ್ಲರಿಗೂ ಬರೀ ನೋಡಲು. ಯಾವ ಮಗು ಯಾವ ಪುಸ್ತಕ ಒಯ್ದಿದೆ ಅನ್ನುವುದು ಬೇರೆ ಫೈಲ್, ಅದು ನನಗೆ ಮತ್ತು ಹೆಡ್ ಮೇಡಂಗೆ ಮಾತ್ರ. ಮಕ್ಕಳ ಹೆಸರನ್ನು ಬೀದಿಗೆ ಹಾಕುವುದು ಸರಿಯಲ್ಲ.

ಕನ್ನಡದ್ದೇ ಒಂದು ತಲೆನೋವು ಇದೆ. ಹಳೇ ಪಟ್ಟಿಯ ಒಂದು ಭಾಗ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿತ್ತು. ಶೀಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ, ಬದಲಿಸಿದೆ. ಆದರೂ ಕೆಲವು ಹೆಸರು ಹುಡುಕಿದರೆ ಸಿಗಲೇ ಇಲ್ಲ, ಕಣ್ಣೆದುರೇ ಇದ್ದರೂ. "ರಾಜ್‌ಕುಮಾರ್" ಅಂತ ಒತ್ತು ಕೂಡದ ಹಾಗೆ ಬರೆಯಲು ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಮಕ್ಕಳು ಅದಿಲ್ಲದೆ ಹೊಡೆಯುತ್ತಾರೆ, ಶೀಟು ಇಲ್ಲ ಅನ್ನುತ್ತದೆ. ಇದಕ್ಕೆ ನಾನು ಮಾಡಿದ ಉಪಾಯ ತೀರಾ ಹಳ್ಳಿ ಉಪಾಯ: ಪಕ್ಕದಲ್ಲಿ "ಹುಡುಕಲು" ಅಂತ ಇನ್ನೊಂದು ಅಂಕಣ ಮಾಡಿ, ಮಕ್ಕಳು ಹೇಗೆ ಹೊಡೆಯುತ್ತಾರೋ ಹಾಗೇ, ತಪ್ಪು ಸಮೇತ, ಹೆಸರು ಹಾಕಿಟ್ಟೆ. ಗ್ರಂಥಾಲಯ ವಿಜ್ಞಾನದ ಗುರು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅಂತ. ಕಾಗುಣಿತ ಉಳಿಸಿ ಅಂತ ಅವರು ಹೇಳಿಲ್ಲ. ಕನ್ನಡ ಟೀಚರ್ ಮಾತ್ರ ಇನ್ನೂ ಮುನಿಸಿಕೊಂಡೇ ಇದ್ದಾರೆ.

ಹಾಗಂತ ಕೋಹಾ ಕೆಟ್ಟದ್ದಲ್ಲ. ಕಾಲೇಜು ಲೈಬ್ರರಿ, ಹತ್ತಾರು ಸಾವಿರ ಪುಸ್ತಕ, ಲಿನಕ್ಸ್ ಗೊತ್ತಿರುವ ಒಬ್ಬರು ಸಂಬಳದ ಮೇಲೆ ಇದ್ದರೆ ಕಣ್ಣು ಮುಚ್ಚಿಕೊಂಡು ಹಾಕಿಕೊಳ್ಳಿ.

ಮಕ್ಕಳು ಓದಿದ್ದರ ಬಗ್ಗೆ ಬರೆಯಲು ಏನು ಮಾಡುವುದು? ಮೊದಲು ಬ್ಲಾಗರ್‌ನಲ್ಲಿ ಬ್ಲಾಗ್ ಮಾಡಿದೆ. ಹದಿನಾಲ್ಕು ಬರಹ ಹಾಕಿದೆ, ಮೂರು ಕಾಮೆಂಟ್ ಬಂತು, ಅದರಲ್ಲಿ ಒಂದು ನನ್ನ ಗಂಡನದು. ಬ್ಲಾಗ್ ನೋಡಲು ಚಂದ, ಹಳೆಯದೂ ಕಳೆದುಹೋಗುವುದಿಲ್ಲ, ಆದರೆ ಅಲ್ಲಿ ಮಾತಾಡಿದ್ದೆಲ್ಲ ನಾನೇ. ವಾಟ್ಸಾಪ್ ಗುಂಪು ಇದಕ್ಕೆ ಸರಿ ಉಲ್ಟಾ. ಎಲ್ಲರೂ ಮಾತಾಡುತ್ತಾರೆ, ಗುಡ್ ಮಾರ್ನಿಂಗ್ ಹೂಗಳ ಅಡಿಯಲ್ಲಿ ಮಗು ಬರೆದ ನಾಲ್ಕು ಸಾಲು ಹೂತುಹೋಗುತ್ತದೆ. ಎರಡರ ನಡುವೆ ಸಿಕ್ಕಿದ್ದು ಪ್ಯಾಡ್‌ಲೆಟ್. ಗೋಡೆಗೆ ಚೀಟಿ ಅಂಟಿಸಿದ ಹಾಗೆ. ಮಕ್ಕಳು ಲಾಗಿನ್ ಆಗಬೇಕಿಲ್ಲ, ನಾನು ಒಪ್ಪಿದ ಮೇಲೇ ಬರಹ ಕಾಣಿಸುವಂತೆ ಇಡಬಹುದು, ಚಿತ್ರ ಬಿಡಿಸಿ ಫೋಟೋ ಹಾಕಬಹುದು. ಆದರೆ ಫ್ರೀ ಖಾತೆಯಲ್ಲಿ ನನಗೆ ಸಿಕ್ಕಿದ್ದು ಮೂರೇ ಗೋಡೆ, ಕ್ಲಾಸುಗಳು ಆರು. ಮನೆಯ ಹಳೇ ಮೊಬೈಲುಗಳಲ್ಲಿ ತೆರೆಯುವುದೂ ನಿಧಾನ. ಹಾಗಾಗಿ ಪ್ಯಾಡ್‌ಲೆಟ್ ಈಗ ಲೈಬ್ರರಿ ಪೀರಿಯಡಿಗೆ ಮಾತ್ರ. ಮನೆಯಿಂದ ಬರೆಯಲು ಗೂಗಲ್ ಫಾರ್ಮ್, ಮೂರೇ ಪ್ರಶ್ನೆ.

ಫಾರ್ಮಿನ ಕ್ಯೂಆರ್ ಕೋಡನ್ನು ಮೊದಲು ಕಪಾಟಿನ ಮೇಲೆ ಅಂಟಿಸಿದ್ದೆ. ಎಂಥಾ ಬುದ್ಧಿ ನೋಡಿ, ಶಾಲೆಗೆ ಮಕ್ಕಳು ಮೊಬೈಲ್ ತರುವ ಹಾಗಿಲ್ಲ! ಒಂದು ವಾರ ಕಪಾಟಿನ ಮೇಲೆ ಸುಮ್ನೆ ಕೂತಿತ್ತು. ಈಗ ಪುಸ್ತಕದ ಒಳರಟ್ಟಿಗೆ ಅಂಟಿಸುತ್ತೇನೆ, ಪುಸ್ತಕದ ಜೊತೆ ಅದೂ ಮನೆಗೆ ಹೋಗುತ್ತದೆ.

ಓದಲು ಏನು ಕೊಡುವುದು ಅನ್ನುವುದರಲ್ಲಿ ಜಾಸ್ತಿ ಪೈಪೋಟಿಯೇ ಇಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕಗಳು ರಾಶಿ ಇವೆ, ನನಗೆ ಹಬ್ಬ, ಮಕ್ಕಳಿಗೆ ಅಲ್ಲ. ಫೈಲ್ ದೊಡ್ಡದು, ಅಕ್ಷರ ಮಸುಕು. ನಾನೇ ಒಂದು ಕಥೆ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದ್ದೆ, ಸಮಾಜ ವಿಜ್ಞಾನದ ಸರ್ "ಬರೆದವರು ಇನ್ನೂ ಬದುಕಿದ್ದಾರೆ ಮೇಡಂ" ಅಂದಾಗ ನಾಚಿಕೆಯಾಗಿ ಅಳಿಸಿದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಲೈಬ್ರರಿಯವಳಾಗಿ ನನಗೆ ಗೊತ್ತಿರಬೇಕಿತ್ತು. ಸ್ಟೋರಿವೀವರ್‌ನಲ್ಲಿ ಆ ರಗಳೆ ಇಲ್ಲ. ಅದು ಮಕ್ಕಳ ಕಥೆಗಳ ವೆಬ್‌ಸೈಟ್, ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಹಂಚಿಕೊಳ್ಳಲು, ಅನುವಾದಿಸಲು ಅವರೇ ಅನುಮತಿ ಕೊಟ್ಟಿದ್ದಾರೆ, ಕಥೆಗಳು ಓದುವ ಮಟ್ಟದ ಪ್ರಕಾರ ಇವೆ. ಮುಂಬಯಿಯಲ್ಲಿ ಇರುವವರಿಗೆ ಇನ್ನೊಂದು ಲಾಭ, ಒಂದೇ ಕಥೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತದೆ. ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟೆ. ನಮ್ಮ ಮಕ್ಕಳಿಗೆ ಬೀದಿಯ ಮರಾಠಿ ಗೊತ್ತು, ಓದಲು ತಡವರಿಸುತ್ತಾರೆ. ಕನ್ನಡದಲ್ಲಿ ಒಮ್ಮೆ ಓದಿಕೊಂಡು ಮರಾಠಿಗೆ ಹೋದ ಒಬ್ಬಳು, "ಮಿಸ್, ಇಲ್ಲಿ ಮಾಂಜರ್ ಅಂದರೆ ನಮ್ಮ ಬೆಕ್ಕೇ" ಅಂತ ಕೂಗಿದ್ದು ಪಕ್ಕದ ಕ್ಲಾಸಿಗೂ ಕೇಳಿಸಿತು.

ಫಾರ್ಮ್ ತುಂಬಿದ ಹೊತ್ತು ಶೀಟಿನಲ್ಲಿ ತಾನಾಗೇ ದಾಖಲಾಗುತ್ತದೆ. ಮೊದಮೊದಲು ಅದನ್ನು ನಾನು ನೋಡುತ್ತಲೇ ಇರಲಿಲ್ಲ. ಒಂದು ದಿನ ಟ್ರೇನಿನಲ್ಲಿ ಸುಮ್ನೆ ಮೇಲಿಂದ ಕೆಳಗೆ ಬೆರಳಾಡಿಸಿದೆ. 9:40, 10:15, 10:47, 10:52. ಹೆಚ್ಚುಕಮ್ಮಿ ಎಲ್ಲ ರಾತ್ರಿಯದೇ. ಅಪ್ಪ ಮನೆಗೆ ಬಂದ ಹೊತ್ತು. ಕೊನೆಯ ಸಾಲು 11:10ರದು, ಏಳನೇ ಕ್ಲಾಸಿನ ಹುಡುಗನದು. ಪುಸ್ತಕ ಹೇಗಿತ್ತು ಅನ್ನುವ ಪ್ರಶ್ನೆಗೆ "ಮುಗೀತು ಮಿಸ್, ಎರಡನೇ ಭಾಗ ಇದೆಯಾ" ಅಂತ ಬರೆದಿದ್ದ. ನಿಂತಲ್ಲೇ ಪಟ್ಟಿ ತೆರೆದು ಹುಡುಕಿದೆ. ಇಲ್ಲ. ತರಿಸಿಕೊಡಿ ಅಂತ ಹೆಡ್ ಮೇಡಂಗೆ ಅರ್ಜಿ ಕೊಟ್ಟಿದ್ದೇನೆ, ಕಾಗದದ ಮೇಲೆ, ಎರಡು ಪ್ರತಿ. ಆಫೀಸಿನವರಿಗೆ ಹಾಗೇ ಬೇಕಂತೆ.