ನಿಫ್ಟಿ 50ರ ಬಿಡ್, ಆಸ್ಕ್: ಷೇರುಗಳಿಂದಲೋ, ಫ್ಯೂಚರ್ಸ್‌ನಿಂದಲೋ?

ನಿಫ್ಟಿ 50 ಎಂಬ ಷೇರು ಸೂಚ್ಯಂಕ ಒಂದು ಲೆಕ್ಕಾಚಾರವೇ ಹೊರತು ಮಾರಾಟದ ಸರಕಲ್ಲ. ಪರದೆಯಲ್ಲಿ ಕಾಣುವ ಅಂಕಿಯು 50 ಷೇರುಗಳ ಕೊನೆಯ ವಹಿವಾಟಿನ ಬೆಲೆಗಳಿಂದ ಬರುವುದರಿಂದ, ಅದಕ್ಕೆ ಬಿಡ್ (ಕೊಳ್ಳುವವರು ಕೊಡಲು ಸಿದ್ಧವಿರುವ ಬೆಲೆ) ಮತ್ತು ಆಸ್ಕ್ (ಮಾರುವವರು ಕೇಳುವ ಬೆಲೆ) ಬೇಕೆನ್ನುವವರು ಅವನ್ನು ಬೇರೆಡೆಯಿಂದ ಪಡೆಯಬೇಕಾಗುತ್ತದೆ.

ಮೊದಲ ವಿಧಾನದಲ್ಲಿ ಸೂಚ್ಯಂಕದ ಸೂತ್ರವನ್ನು ಹಾಗೆಯೇ ಉಳಿಸಿಕೊಂಡು, ಪ್ರತಿ ಷೇರಿನ ಕೊನೆಯ ಬೆಲೆಯ ಜಾಗದಲ್ಲಿ ಅದರ ಅತ್ಯುತ್ತಮ ಬಿಡ್ ಇಟ್ಟರೆ ಸೂಚ್ಯಂಕದ ಬಿಡ್ ಸಿಗುತ್ತದೆ, ಆಸ್ಕ್ ಇಟ್ಟರೆ ಆಸ್ಕ್. ಇಲ್ಲಿ ಯಾವ ಊಹೆಯೂ ಇಲ್ಲ. ಆದರೆ ಆ ಬೆಲೆಗೆ ಎಷ್ಟು ಷೇರುಗಳು ಲಭ್ಯ ಎಂಬುದನ್ನು ಅದು ಹೇಳದ ಕಾರಣ, ದೊಡ್ಡ ಮೊತ್ತದವರು ಆರ್ಡರ್ ಪುಸ್ತಕದ (ಕೊಳ್ಳುವ, ಮಾರುವ ಬಾಕಿ ಆದೇಶಗಳ ಪಟ್ಟಿಯ) ಕೆಳಗಿನ ಸಾಲುಗಳನ್ನೂ ಎಣಿಸಬೇಕು.

ಎರಡನೆಯದು ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ಬೆಲೆ ನಿಗದಿಪಡಿಸುವ ಒಪ್ಪಂದ) ದರದಿಂದ ಹಿಂದಕ್ಕೆ ಬರುವ ದಾರಿ. ಉದಾಹರಣೆಗೆ, ಫ್ಯೂಚರ್ಸ್ ಬಿಡ್ 25,100, ಆಸ್ಕ್ 25,102 ಇದ್ದು, ಅವಧಿ ಮುಗಿಯುವವರೆಗಿನ ಬಡ್ಡಿಯಿಂದ ನಿರೀಕ್ಷಿತ ಲಾಭಾಂಶ ಕಳೆದು 90 ಅಂಶ ಉಳಿದರೆ, ಅದನ್ನು ಫ್ಯೂಚರ್ಸ್ ದರದಿಂದ ಕಳೆದಾಗ ಸೂಚ್ಯಂಕಕ್ಕೆ 25,010 ಮತ್ತು 25,012 ದೊರೆಯುತ್ತವೆ. ಇಲ್ಲಿ ಬಿಡ್, ಆಸ್ಕ್ ನಡುವಿನ ಅಂತರ ಸಾಮಾನ್ಯವಾಗಿ ಕಿರಿದು. ಆದರೆ ಆ 90 ನಮ್ಮದೇ ಅಂದಾಜು, ಅದು ತಪ್ಪಿದರೆ ಎರಡೂ ದರಗಳು ಒಟ್ಟಿಗೇ ಜಾರುತ್ತವೆ.

ಷೇರುಗಳ ಬುಟ್ಟಿಯನ್ನೇ ಕೊಳ್ಳುವವರಿಗೆ ಮೊದಲನೆಯದು ಸರಿ. ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆ ಕಟ್ಟುವವರು, ಹೆಜ್ (ನಷ್ಟದ ಅಪಾಯ ತಗ್ಗಿಸುವ ಎದುರು ವಹಿವಾಟು) ಮಾಡುವುದು ಫ್ಯೂಚರ್ಸ್‌ನಲ್ಲೇ ಆಗಿರುವುದರಿಂದ, ಎರಡನೆಯದನ್ನೇ ಆರಿಸುವುದು ಮೇಲು.