ಭಿಗವಣದ ಫ್ಲೆಮಿಂಗೋಗಳು: ಕುಂಭಾರಗಾವ್ ದೋಣಿ ಸವಾರಿ ಹೇಗಿದೆ?

ಕುಂಭಾರಗಾವ್‌ನ ದೋಣಿ ಸವಾರಿಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅದರಲ್ಲಿ ದೊಡ್ಡ ಪಾಲು ಅಂಬಿಗನದು. ಸೀಸನ್‌ನಲ್ಲಿ ಹಕ್ಕಿಗಳಿಗೇನೂ ಕೊರತೆ ಇಲ್ಲ. ಆದರೆ ಅವುಗಳ ಹತ್ತಿರ ಹೇಗೆ ಹೋಗಬೇಕು, ಎಲ್ಲಿ ನಿಂತುಬಿಡಬೇಕು ಅನ್ನೋದು ಗೊತ್ತಿರುವ ಮನುಷ್ಯ ಸಿಗಬೇಕು. ಅಂಥವರು ಇಲ್ಲಿ ಇದ್ದಾರೆ. ಅದಕ್ಕೇ ಪುಣೆಯಲ್ಲಿರುವ ಕನ್ನಡದ ಗೆಳೆಯರಿಗೆಲ್ಲ ಈ ಜಾಗವನ್ನು ಧೈರ್ಯವಾಗಿ ಹೇಳುತ್ತೇನೆ.

ಹೋಗದವರಿಗೆ ಸ್ವಲ್ಪ ವಿವರ. ಪುಣೆಯಿಂದ ಸೋಲಾಪುರ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ಹೋದರೆ ಭಿಗವಣ. ಕುಂಭಾರಗಾವ್ ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಅದರ ಹಿನ್ನೀರೇ ಇದು. ಮುಂದೆ ನಮ್ಮ ಕಲಬುರಗಿ ಜಿಲ್ಲೆಗೆ ಹರಿದು ಬರುವ ಅದೇ ಭೀಮೆ. ಮೀನು ಹಿಡಿಯುವ ಮನೆಗಳವರೇ ಇಲ್ಲಿ ದೋಣಿ ನಡೆಸುತ್ತಾರೆ. ನೀರಿನ ಆಳ, ಕೆಸರಿನ ಜಾಗ ಎಲ್ಲ ಅವರಿಗೆ ಕೈಯಳತೆಯಲ್ಲಿ ಗೊತ್ತು.

ಯಾವಾಗ ಹೋಗಬೇಕು? ಎಲ್ಲರೂ ನವೆಂಬರ್ ಅನ್ನುತ್ತಾರೆ. ಫ್ಲೆಮಿಂಗೋಗೋಸ್ಕರ ಹೋಗುವುದಾದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ದಿನಗಳು ಒಳ್ಳೆಯದು. ಮಳೆ ಚೆನ್ನಾಗಿ ಆದ ವರ್ಷ ಅಣೆಕಟ್ಟು ತುಂಬಿರುತ್ತದೆ. ಅಷ್ಟು ಆಳದ ನೀರಲ್ಲಿ ಫ್ಲೆಮಿಂಗೋಗೆ ಕಾಲೂರಲು ಆಗುವುದಿಲ್ಲ. ಹೊಲಗಳಿಗೆ ನೀರು ಬಿಡುತ್ತಾ ಬಂದ ಹಾಗೆ ದಡದ ಕೆಸರು ಮೇಲೆ ಕಾಣುತ್ತದೆ. ಆಗ ಅವು ಗುಂಪುಗಟ್ಟಿ ಇಳಿಯುತ್ತವೆ. ಅದಕ್ಕೆ ಕ್ಯಾಲೆಂಡರ್ ನೋಡುವುದಕ್ಕಿಂತ ಅಂಬಿಗನಿಗೆ ಫೋನ್ ಮಾಡಿ "ನೀರು ಎಷ್ಟಿದೆ?" ಅಂತ ಕೇಳುವುದು ಮೇಲು.

ಈಗ ದೋಣಿಯ ವಿಷಯ. ನಾನು ಯಾವಾಗಲೂ ಒಬ್ಬರೇ ಅಂಬಿಗರ ದೋಣಿ ಹತ್ತುತ್ತೇನೆ. ಸೂರ್ಯ ಹುಟ್ಟುವ ಮೊದಲೇ ಹೊರಡುತ್ತೇವೆ. ಹಿಂಡು ದೂರದಲ್ಲಿ ಗುಲಾಬಿ ಗೆರೆಯ ಹಾಗೆ ಕಾಣುವಾಗಲೇ ಅವರು ಎಂಜಿನ್ ಆರಿಸಿ, ಬಿದಿರಿನ ಗಳ ಕೈಗೆ ತೆಗೆದುಕೊಳ್ಳುತ್ತಾರೆ. ನೇರವಾಗಿ ಹಿಂಡಿನ ಕಡೆ ದೋಣಿ ತಿರುಗಿಸುವುದೇ ಇಲ್ಲ. ಸುಮ್ನೆ ಬೇರೆಲ್ಲೋ ಹೋಗುವವರ ಹಾಗೆ ಓರೆಯಾಗಿ ಜರುಗುತ್ತಾರೆ. ಸೂರ್ಯ ನಮ್ಮ ಬೆನ್ನಿಗೆ ಬಂದ ಮೇಲೆ ಗಳವನ್ನು ಕೆಸರಿಗೆ ಊರಿ ನಿಲ್ಲಿಸಿಬಿಡುತ್ತಾರೆ.

ಅವರು ನೋಡುವುದು ಹಕ್ಕಿಗಳ ಕತ್ತನ್ನು. ತಲೆ ನೀರೊಳಗಿದ್ದರೆ ಎಲ್ಲ ಸರಿ ಅಂತ ಅರ್ಥ. ಒಂದೆರಡು ಕತ್ತು ನೆಟ್ಟಗಾದರೆ ನಾವು ಮಿಸುಕುವ ಹಾಗಿಲ್ಲ. ಎಲ್ಲ ಕತ್ತುಗಳೂ ಎದ್ದು, ಹಿಂಡು ಒಟ್ಟಾಗಿ ಒಂದೇ ದಿಕ್ಕಿಗೆ ನಡೆಯಲು ಶುರುಮಾಡಿದರೆ ಅವರು ತಕ್ಷಣ ದೋಣಿ ಹಿಂದೆ ತಳ್ಳುತ್ತಾರೆ. ಫ್ಲೆಮಿಂಗೋ ನಿಂತಲ್ಲಿಂದ ಹಾಗೇ ಹಾರುವ ಹಕ್ಕಿಯಲ್ಲ. ನೀರಿನ ಮೇಲೆ ಓಡಿ ಓಡಿ ಮೇಲೇರಬೇಕು. ಸುಮ್ಮನೆ ಹಾರಿಸಿದರೆ ತಿನ್ನುವ ಹೊತ್ತೂ ಹೋಯಿತು, ಶಕ್ತಿಯೂ ಹೋಯಿತು.

ಹಾಗೆ ನಿಂತರೆ ಏನು ಸಿಗುತ್ತದೆ ಗೊತ್ತಾ? ತಲೆಕೆಳಗಾದ ಕೊಕ್ಕನ್ನು ನೀರಲ್ಲಿ ಅದ್ದಿ, ಅತ್ತ ಇತ್ತ ಆಡಿಸುತ್ತಾ, ನಾಲಿಗೆಯಿಂದ ನೀರು ಹೊರಗೆ ತಳ್ಳಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುವುದು. ಕೆಲವು ಹಕ್ಕಿಗಳು ಕೊಕ್ಕು ಒಂದೇ ಕಡೆ ಇಟ್ಟುಕೊಂಡು ಸುತ್ತಲೂ ಹೆಜ್ಜೆ ಹಾಕುತ್ತಾ ಕೆಸರು ತುಳಿಯುತ್ತವೆ. ಕೆಳಗಿದ್ದದ್ದೆಲ್ಲ ಮೇಲೆ ಬರಲಿ ಅಂತ. ಆಮೇಲೆ ತಲೆ ಎತ್ತಿದಾಗ ಕೊಕ್ಕಿನ ಕಪ್ಪು ತುದಿಯಿಂದ ನೀರು ಸರಪಳಿಯಾಗಿ ಇಳಿಯುತ್ತದೆ. ಆ ಒಂದು ಫೋಟೊಗೆ ಮುಂಜಾನೆ ಎದ್ದು ಹೋಗಬಹುದು. ನಡುವೆ ಬೂದು ಬಣ್ಣದ ಮರಿಗಳೂ ಇರುತ್ತವೆ. ಅವುಗಳಿಗೆ ಗುಲಾಬಿ ಬಣ್ಣ ಬರುವುದು ನಿಧಾನವಾಗಿ, ತಿನ್ನುವ ಆಹಾರದಿಂದ.

ಕ್ಯಾಮೆರಾದವರಿಗೆ ಎರಡು ಮಾತು. ನನ್ನ ಬಳಿ ಇರುವುದು ದೂರದ್ದನ್ನು ಹತ್ತಿರ ತೋರಿಸುವ ನಿಕಾನ್ 200-500 ಎಂ.ಎಂ. ಲೆನ್ಸ್. ತೂಕ 2.3 ಕೆ.ಜಿ. ಇಲ್ಲಿಗೆ ಅದು ಸಾಕು. ಟ್ರೈಪಾಡ್ ಮನೆಯಲ್ಲೇ ಬಿಡಿ, ದೋಣಿಯ ಅದುರು ಕಾಲುಗಳ ಮೂಲಕ ನೇರ ಲೆನ್ಸಿಗೆ ಬರುತ್ತದೆ. ಅಕ್ಕಿ ತುಂಬಿದ ಚಿಕ್ಕ ಬಟ್ಟೆ ಚೀಲ ದೋಣಿಯ ಅಂಚಿಗಿಟ್ಟು, ಆದಷ್ಟು ಕೆಳಗೆ ಬಾಗಿ ತೆಗೆಯಿರಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಂದರೆ ಫೋಟೊದ ಗುಣವೇ ಬೇರೆ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿ ಗರಿಯ ವಿವರ ಅಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ. ಬಿಸಿಲೇರಿ ನೀರ ಮೇಲೆ ಗಾಳಿ ಕುದಿಯಲು ಶುರುವಾದ ಮೇಲೆ ದೂರದ ಹಕ್ಕಿ ಎಷ್ಟು ದುಬಾರಿ ಲೆನ್ಸಿಗೂ ಸ್ಪಷ್ಟವಾಗಿ ಸಿಗುವುದಿಲ್ಲ. ಆಗ ದೋಣಿ ವಾಪಸ್ ತಿರುಗಿಸುವುದೇ ಸರಿ.

ನನ್ನ ಮಟ್ಟಿಗೆ ಫ್ಲೆಮಿಂಗೋಗಿಂತ ಜಾಸ್ತಿ ಖುಷಿ ಕೊಡುವುದು ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯವಳು ನಾನು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಇವನ್ನು ನೋಡುತ್ತಾ ಬೆಳೆದವಳು. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದ್ದು ಗೊತ್ತಲ್ವಾ? ಹಿಮಾಲಯ ದಾಟಿ ಬರುವ ಈ ಬಾತುಗಳು ಉಜನಿಯಲ್ಲೂ ಇಳಿಯುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕತ್ತಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದು ದಾಖಲಾಗಿದೆ. ಹಾಗಾಗಿ ಪಟ್ಟಿ ಇರುವ ಹಕ್ಕಿ ಕಂಡರೆ ಚಂದದ ಫೋಟೊ ಬಿಟ್ಟು ಮೊದಲು ಪಟ್ಟಿಯ ಮೇಲಿನ ಅಕ್ಷರ ಓದುವ ಹಾಗೆ ಫೋಟೊ ತೆಗೆಯಿರಿ. ಪಟ್ಟಿಯ ಬಣ್ಣ, ತಾರೀಖು, ಜಾಗ ಬರೆದಿಡಿ. ಆ ಹಕ್ಕಿ ಎಲ್ಲಿಂದ ಎಲ್ಲಿಗೆ ಬಂತು ಅಂತ ಹುಡುಕುವವರಿಗೆ ನಿಮ್ಮ ಒಂದು ಫೋಟೊ ನಿಜವಾದ ಸಹಾಯ.

ಸವಾರಿ ಮುಗಿಸಿ ಊಟಕ್ಕೆ ಅಂಬಿಗರ ಮನೆಗೇ ಹೋಗಬಹುದು, ಬೆಳಗ್ಗೆಯೇ ಹೇಳಿರಬೇಕು. ಹುರಿದ ಚಿಲಾಪಿ ಮೀನು, ಖಾರದ ಸಾರು, ಬಿಸಿ ಜೋಳದ ರೊಟ್ಟಿ. ಮೀನು ತಿನ್ನದವರಿಗೆ ಝುಣಕ, ಠೇಚಾ. ಮನೆಯಾಕೆಯ ತವರು ನಮ್ಮ ಕರ್ನಾಟಕದ ಗಡಿಗೆ ಹತ್ತಿರದ ಅಕ್ಕಲಕೋಟೆ ಕಡೆ, ಕನ್ನಡ ಬರುತ್ತದೆ. ನಾವು ಮಾತಾಡುವುದು ಕೇಳಿ "ಅಕ್ಕಾರ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂದಾಗ ಊಟ ಇನ್ನೂ ಎರಡು ರೊಟ್ಟಿಯಷ್ಟು ಬೆಳೆಯಿತು.

ಅರ್ಧ ಅಂಕ ಕಳೆದದ್ದು ಯಾಕೆ ಅಂದರೆ, ಎಲ್ಲ ದೋಣಿಗಳೂ ಹೀಗಿಲ್ಲ. ಒಮ್ಮೆ ಫೋಟೊ ಟೂರ್‌ನ ದೋಣಿಯೊಂದು ಎಂಜಿನ್ ಹಾಕಿಕೊಂಡೇ ಹಿಂಡಿನ ಮೇಲೆ ನುಗ್ಗಿತು. ಹಾರುವ ಫೋಟೊ ಬೇಕಂತೆ. ಇಡೀ ಹಿಂಡು ಎದ್ದು ಹೋಯಿತು. ಆ ಬೆಳಗ್ಗೆ ಅದು ಮತ್ತೆ ಅಲ್ಲಿ ಇಳಿಯಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ. ಕಡಲಕ್ಕಿಗಳಿಗೆ (ಗಲ್ ಹಕ್ಕಿಗಳಿಗೆ) ಸೇವು ಎರಚಿ ಫೋಟೊ ತೆಗೆಯುವವರೂ ಇದ್ದಾರೆ. ಎಣ್ಣೆಯಲ್ಲಿ ಕರಿದದ್ದು ಅವುಗಳ ಆಹಾರವಲ್ಲ, ದಯವಿಟ್ಟು ಬೇಡ. ಇನ್ನು ಕೆಲವು ದೋಣಿಗಳಲ್ಲಿ ಲೈಫ್ ಜಾಕೆಟ್ ಎಲ್ಲರಿಗೂ ಸಾಲುವುದಿಲ್ಲ. ಮಕ್ಕಳ ಅಳತೆಯದಂತೂ ಸಿಗುವುದು ಕಷ್ಟ.

ಭಾನುವಾರ ದೋಣಿಗಳ ಗದ್ದಲ ಜಾಸ್ತಿ, ವಾರದ ನಡುವೆ ಹೋಗಿ. ದೋಣಿಗೆ ಎಷ್ಟು, ಎಷ್ಟು ಹೊತ್ತಿಗೆ ಅಂತ ಹತ್ತುವ ಮೊದಲೇ ಮಾತಾಡಿಕೊಳ್ಳಿ. "ಎಂಜಿನ್ ದೂರದಲ್ಲೇ ಆರಿಸಿ, ಹಕ್ಕಿ ಹಾರಿಸಬೇಡಿ" ಅಂತಲೂ ಆಗಲೇ ಹೇಳಿಬಿಡಿ. ಅಂಬಿಗ ಅದಕ್ಕೆ ನಕ್ಕು ತಲೆಯಾಡಿಸಿದರೆ ಹತ್ತಿ. "ಹತ್ತಿರ ಕರ್ಕೊಂಡು ಹೋಗ್ತೀನಿ, ಹಾರಿಸ್ತೀನಿ" ಅಂದರೆ ಪಕ್ಕದ ದೋಣಿ ನೋಡಿ.